ತುಮಕೂರಿನ ಒಂದು ಮನೆ, ಬ್ಯಾಂಕಿನ ಒಂದು ನೋಟಿಸ್: ಯಾವ ದಾರಿ ಯಾವ ತಾರೀಖಿಗೆ ಮುಚ್ಚಿತು

ಮನೆ ಸಾಲದ ಕಂತು ನಿಂತು ಬ್ಯಾಂಕಿನಿಂದ ನೋಟಿಸ್ ಬಂದಾಗ ಎಲ್ಲರೂ ಮೊದಲು ಕೇಳುವುದು "ಮನೆ ಉಳಿಯುತ್ತಾ, ಹೋಗುತ್ತಾ?" ಅಂತ. ನಾನು ತಿರುಗಿ ಕೇಳುವುದು ಬೇರೆ. ಮೊದಲ ಕಂತು ತಪ್ಪಿದ್ದು ಯಾವ ತಾರೀಖು? ನೋಟಿಸಿನ ಮೇಲಿರುವ ತಾರೀಖು ಯಾವುದು? ಬಾಗಿಲಿಗೆ ಏನಾದರೂ ಅಂಟಿಸಿದ್ದಾರಾ? ಪೇಪರಿನಲ್ಲಿ ಬಂದಿದೆಯಾ? ಉಳಿದ ದಾರಿಗಳೆಲ್ಲ ಈ ತಾರೀಖುಗಳ ಮೇಲೆ ನಿಂತಿರುತ್ತವೆ.

ಬ್ಯಾಂಕಿನ ಸಾಲ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿ ನಿವೃತ್ತನಾದವನು ನಾನು. ಇಲ್ಲಿ ಬರೆಯುತ್ತಿರುವುದು ನನ್ನ ಗೆಳೆಯನ ತಂಗಿಯ ಮನೆಯ ಕತೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಬಡಾವಣೆ, ಬ್ಯಾಂಕು ಯಾವುದನ್ನೂ ಹೇಳುವುದಿಲ್ಲ, ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. ಲೆಕ್ಕ ಮತ್ತು ಕಾನೂನಿನ ಹಂತಗಳು ಮಾತ್ರ ಇದ್ದ ಹಾಗೇ ಇವೆ.

ಮನೆ ತುಮಕೂರಿನ ರಿಂಗ್ ರೋಡ್ ಆಚೆ, 30x40 ಸೈಟಿನಲ್ಲಿ ಕಟ್ಟಿದ ಒಂದಂತಸ್ತಿನ ಮನೆ. 2021ರ ಡಿಸೆಂಬರಿನಲ್ಲಿ 43 ಲಕ್ಷಕ್ಕೆ ಕೊಂಡಿದ್ದರು. ಗಂಡ ವಸಂತನರಸಾಪುರದ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್, ಕೈಗೆ ಸುಮಾರು 48 ಸಾವಿರ. ಆಕೆ ಖಾಸಗಿ ಶಾಲೆಯಲ್ಲಿ ಟೀಚರ್, 14 ಸಾವಿರ. 30 ಲಕ್ಷ ಸಾಲ, 20 ವರ್ಷ, ಬಡ್ಡಿ ಶೇ 6.9, ಕಂತು ಸುಮಾರು 23,080. ಸಾಲದಲ್ಲಿ ಇಬ್ಬರ ಹೆಸರೂ ಇತ್ತು.

ಆಗ ಬಡ್ಡಿ ತುಂಬ ಕಡಿಮೆ ಇದ್ದ ಕಾಲ. ರಿಸರ್ವ್ ಬ್ಯಾಂಕಿನ ರೆಪೋ ದರ, ಅಂದರೆ ಅದು ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ, ಶೇ 4 ಇತ್ತು. 2022ರ ಮೇ ತಿಂಗಳಿಂದ ಅದು ಏರುತ್ತಾ ಹೋಗಿ 2023ರ ಫೆಬ್ರವರಿಗೆ ಶೇ 6.5 ಆಯಿತು. ಇವರದು ರೆಪೋಗೆ ಜೋಡಿಸಿದ ಸಾಲ, ಹಾಗಾಗಿ ಬಡ್ಡಿ ಶೇ 9.4ಕ್ಕೆ ಹೋಯಿತು. ಇಲ್ಲೊಂದು ಲೆಕ್ಕ ನೋಡಿ. ಆ ಹೊತ್ತಿಗೆ ಅಸಲು 29 ಲಕ್ಷ ಚಿಲ್ಲರೆ ಉಳಿದಿತ್ತು. ಶೇ 9.4ರಲ್ಲಿ ತಿಂಗಳ ಬಡ್ಡಿಯೇ ಹತ್ತಿರ ಹತ್ತಿರ 22,900. ಹಳೇ ಕಂತು 23,080ರಲ್ಲಿ ಅಸಲಿಗೆ ಸೇರುವುದು ಇನ್ನೂರು ರೂಪಾಯಿ ಮಾತ್ರ. ಹಾಗೇ ಬಿಟ್ಟರೆ ಸಾಲ ತೀರುವುದು ಐವತ್ತು ವರ್ಷಕ್ಕೆ. ಬ್ಯಾಂಕ್ ಕಂತನ್ನು 27,650ಕ್ಕೆ ಏರಿಸಿತು. ಮನೆಯ ಖರ್ಚಿನಲ್ಲಿ ತಿಂಗಳಿಗೆ ನಾಲ್ಕೂವರೆ ಸಾವಿರ ಜಾಸ್ತಿ ಆಯಿತು, ಸಂಬಳ ಅಷ್ಟೇ ಇತ್ತು. ಉಳಿತಾಯ ನಿಂತದ್ದು ಆಗಲೇ. ಕೆಲಸ ಹೋದದ್ದು ಆಮೇಲೆ.

2024ರ ಬೇಸಿಗೆಯಲ್ಲಿ ಕಾರ್ಖಾನೆಯ ಆ ಲೈನ್ ಮುಚ್ಚಿತು. ಎರಡು ಮೂರು ತಿಂಗಳು ಕೈಯಲ್ಲಿದ್ದದ್ದರಲ್ಲಿ ಕಂತು ಕಟ್ಟಿದರು. ಆಮೇಲೆ ಆಕೆಯ ಒಡವೆ ಅಡವಿಟ್ಟು 2 ಲಕ್ಷ 90 ಸಾವಿರ ತಂದರು. ಮನೆ ನಡೆಸಲು, ಮಗನ ಫೀಸಿಗೆ ಅಂತ ಮೊಬೈಲ್ ಆ್ಯಪ್‌ಗಳಲ್ಲಿ ಸಣ್ಣ ಸಣ್ಣ ಸಾಲ ಮಾಡಿದರು. ಕ್ರೆಡಿಟ್ ಕಾರ್ಡೂ ಇತ್ತು. 2024ರ ಸೆಪ್ಟೆಂಬರ್ 5ರ ಕಂತು ತಪ್ಪಿತು. ಅಕ್ಟೋಬರಿನದೂ ತಪ್ಪಿತು. ನವೆಂಬರಿನದೂ ತಪ್ಪಿತು.

ಈ ಪ್ರಕರಣದಲ್ಲಿ ನನ್ನನ್ನು ಜಾಸ್ತಿ ಕಾಡುವುದು ನವೆಂಬರ್ ತಿಂಗಳು. ಆ ತಿಂಗಳು ಗಂಡನ ಪಿಎಫ್ ಹಣ ಬಂತು, 2 ಲಕ್ಷ 60 ಸಾವಿರ. ಮನೆ ಸಾಲದಲ್ಲಿ ಆಗ ತಪ್ಪಿದ್ದು ಮೂರೇ ಕಂತು, ಒಟ್ಟು 82,950. ಅದನ್ನು ಕಟ್ಟಿದ್ದರೆ ಖಾತೆ ಸರಿಹೋಗುತ್ತಿತ್ತು, ಇನ್ನೂ ಆರು ಕಂತಿಗೆ ಹಣ ಕೈಯಲ್ಲಿರುತ್ತಿತ್ತು. ಆದರೆ ಆ ಹಣ ಪೂರ್ತಿ ಆ್ಯಪ್ ಸಾಲಕ್ಕೆ, ಕಾರ್ಡಿಗೆ, ಚೀಟಿಗೆ ಹೋಯಿತು. ಯಾಕೆ ಅಂತ ಕೇಳಿದಾಗ ಆಕೆ ಹೇಳಿದ್ದು: "ಅಣ್ಣಾ, ಅವರು ದಿನಕ್ಕೆ ಇಪ್ಪತ್ತು ಸಲ ಫೋನ್ ಮಾಡೋರು. ಅಕ್ಕಪಕ್ಕದವರಿಗೆಲ್ಲ ಹೇಳ್ತೀವಿ ಅನ್ನೋರು. ಮನೆ ಸಾಲದ ಬ್ಯಾಂಕಿನವರು ತಿಂಗಳಿಗೆ ಒಂದೆರಡು ಸಲ ಮರ್ಯಾದೆಯಾಗಿ ಕೇಳೋರು, ಅಷ್ಟೇ." ಜೋರಾಗಿ ಕೂಗಿದವರಿಗೆ ದುಡ್ಡು ಹೋಯಿತು. ಕೂಗದೇ ಇದ್ದವರ ಕೈಯಲ್ಲಿ ಮನೆಯ ಪತ್ರ ಇತ್ತು. ಕಷ್ಟದಲ್ಲಿರುವ ಎಷ್ಟೋ ಮನೆಗಳಲ್ಲಿ ಇದೇ ನಡೆಯುವುದನ್ನು ನೋಡಿದ್ದೇನೆ. ಅಡಮಾನ ಇಲ್ಲದ ಸಾಲದವರು ಬೈಯಬಹುದು, ಕೋರ್ಟಿಗೆ ಹೋಗಬಹುದು, ಸಿಬಿಲ್ (ಸಾಲ ತೀರಿಸಿದ ಇತಿಹಾಸದ ದಾಖಲೆ) ಹಾಳಾಗಬಹುದು. ಕೋರ್ಟಿಗೆ ಹೋಗದೇ ನೇರವಾಗಿ ಮನೆಗೆ ಕೈಹಾಕುವ ಅಧಿಕಾರ ಇರುವುದು ಮನೆ ಸಾಲ ಕೊಟ್ಟವರಿಗೆ ಮಾತ್ರ. ಇನ್ನು ವಸೂಲಿಯವರ ಕಾಟದ ವಿಷಯ: ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ವಸೂಲಿಗೆ ಕರೆ ಮಾಡಬಾರದು, ಬೆದರಿಸಬಾರದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಸ್ಪಷ್ಟವಾಗಿ ಹೇಳಿದೆ. ಅಂಥ ಕರೆಗಳನ್ನು ಬರೆದಿಟ್ಟುಕೊಂಡು ಮೊದಲು ಆ ಸಂಸ್ಥೆಗೇ ದೂರು ಕೊಡಬೇಕು. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ, ಅಂದರೆ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಗೆ, ಹೋಗಬಹುದು. ಖರ್ಚಿಲ್ಲ.

ಆ ಮೊದಲ 90 ದಿನದ ಬೆಲೆ ಎಷ್ಟು ಅಂತ ಹೇಳದೇ ಮುಂದೆ ಹೋಗಲಾರೆ. ಕಂತು ತಪ್ಪಿದ ಮೊದಲ 30 ದಿನ ಒಂದು ಹಂತ, 60ರವರೆಗೆ ಇನ್ನೊಂದು, 90ರವರೆಗೆ ಮತ್ತೊಂದು. ಬ್ಯಾಂಕಿನ ಒಳಗೆ ಇವನ್ನು ಎಸ್‌ಎಂಎ 0, 1, 2 ಎನ್ನುತ್ತಾರೆ. 90 ದಾಟಿದರೆ ಖಾತೆ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ. ದಾಟುವ ಮುಂಚೆ ಬ್ರ್ಯಾಂಚ್ ಮ್ಯಾನೇಜರ್ ಹತ್ತಿರ ಕೂತು "ಕೆಲಸ ಹೋಗಿದೆ, ಇಲ್ಲಿದೆ ಪತ್ರ, ಸಾಲದ ಅವಧಿ ಉದ್ದ ಮಾಡಿ ಕಂತು ಇಳಿಸಿ" ಎಂದು ಕೇಳಬಹುದು. ಕೊಡಲೇಬೇಕು ಅಂತೇನಿಲ್ಲ, ಆದರೆ ಆಗ ಮ್ಯಾನೇಜರಿಗೂ ಖಾತೆ ಕೆಡುವುದು ಬೇಡವಾಗಿರುತ್ತದೆ, ಮಾತಿಗೆ ಜಾಗ ಇರುತ್ತದೆ. ಸಾಲವನ್ನು ಕಡಿಮೆ ಬಡ್ಡಿಯ ಬೇರೆ ಬ್ಯಾಂಕಿಗೆ ವರ್ಗ ಮಾಡುವ ದಾರಿಯೂ ಕಂತು ಸರಿಯಾಗಿ ಹೋಗುತ್ತಿರುವಾಗಲಷ್ಟೇ ಇರುತ್ತದೆ. ಅಷ್ಟೇ ಅಲ್ಲ, ಬಡ್ಡಿ ಏರಿದಾಗ ಕಂತು ಏರಿಸುವುದೋ, ಅವಧಿ ಉದ್ದ ಮಾಡುವುದೋ, ಎರಡನ್ನೂ ಸ್ವಲ್ಪ ಸ್ವಲ್ಪ ಮಾಡುವುದೋ ಎಂದು ಸಾಲಗಾರನನ್ನೇ ಕೇಳಬೇಕು ಎಂದು 2023ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. ಇವರು ಬ್ಯಾಂಕಿಗೆ ಹೋಗಲೇ ಇಲ್ಲ. ನಾಚಿಕೆ, ಮತ್ತೆ "ಮುಂದಿನ ತಿಂಗಳು ಕೆಲಸ ಸಿಗುತ್ತೆ" ಅನ್ನುವ ನಂಬಿಕೆ. ಗಂಡ ಆ ಬ್ರ್ಯಾಂಚ್ ಇದ್ದ ರಸ್ತೆಯಲ್ಲೇ ಓಡಾಡುವುದನ್ನು ಬಿಟ್ಟಿದ್ದರಂತೆ.

ಡಿಸೆಂಬರ್ ಮೊದಲ ವಾರ ಖಾತೆ ಎನ್‌ಪಿಎ ಆಯಿತು. 2025ರ ಜನವರಿ 10ರ ತಾರೀಖಿನ ನೋಟಿಸ್ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಬಂತು. ಗಂಡ ಅದನ್ನು ಹೆಂಡತಿಗೂ ತೋರಿಸಲಿಲ್ಲ. ಫೆಬ್ರವರಿ ಎರಡನೇ ವಾರ ಆಕೆಯ ಕಣ್ಣಿಗೆ ಬಿತ್ತು, ಅವತ್ತೇ ನನಗೆ ಫೋನ್ ಬಂತು. 60 ದಿನದ ಗಡುವಿನಲ್ಲಿ ಅರ್ಧಕ್ಕಿಂತ ಜಾಸ್ತಿ ಆಗಲೇ ಮುಗಿದಿತ್ತು.

ಈ ನೋಟಿಸನ್ನು ಎಲ್ಲರೂ "ಹರಾಜು ನೋಟಿಸ್" ಅಂದುಕೊಂಡು ಕೈಕಾಲು ಬಿಡುತ್ತಾರೆ. ಅದು ಹರಾಜು ನೋಟಿಸ್ ಅಲ್ಲ. ಕೋರ್ಟಿಗೆ ಹೋಗದೇ ಅಡಮಾನದ ಆಸ್ತಿಯಿಂದ ಸಾಲ ವಸೂಲಿ ಮಾಡಲು ಬ್ಯಾಂಕಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯ್ದೆಯ 13(2) ಕಲಮಿನ ಬೇಡಿಕೆ ನೋಟಿಸ್. ಒಟ್ಟು ಸಾಲವನ್ನು 60 ದಿನದೊಳಗೆ ತೀರಿಸಿ, ಇಲ್ಲದಿದ್ದರೆ ಮುಂದಿನ ಕ್ರಮ ತೆಗೆದುಕೊಳ್ಳುತ್ತೇವೆ ಎಂದು ಅದರಲ್ಲಿರುತ್ತದೆ. ಇವರ ನೋಟಿಸಿನಲ್ಲಿದ್ದದ್ದು 29 ಲಕ್ಷ 30 ಸಾವಿರ. ಅದನ್ನು ನೋಡಿ ಗಂಡ ಕುಸಿದಿದ್ದರು. ಆದರೆ ನಿಜವಾಗಿ ಖಾತೆ ಸರಿಮಾಡಲು ಬೇಕಾಗಿದ್ದದ್ದು ಅಷ್ಟೂ ಅಲ್ಲ. ತಪ್ಪಿದ ಕಂತುಗಳನ್ನು ಪೂರ್ತಿ ಕಟ್ಟಿದರೆ ಖಾತೆ ಮತ್ತೆ ಸರಿಯಾದ ಸಾಲಗಳ ಸಾಲಿಗೆ ಬರುತ್ತದೆ, ಆಗ ಬ್ಯಾಂಕಿನವರು ಸಾಮಾನ್ಯವಾಗಿ ಕ್ರಮವನ್ನು ಅಲ್ಲಿಗೇ ನಿಲ್ಲಿಸುತ್ತಾರೆ. ಫೆಬ್ರವರಿಗೆ ಆರು ಕಂತು, 1 ಲಕ್ಷ 65 ಸಾವಿರದ 900, ಅದರ ಮೇಲೆ ದಂಡ ಶುಲ್ಕ, ನೋಟಿಸಿನ ಖರ್ಚು. "ಪೂರ್ತಿ" ಅನ್ನುವುದನ್ನು ಗಮನಿಸಿ. ಒಂದೆರಡು ಕಂತು ಕಟ್ಟಿ 90 ದಿನದ ಒಳಗೆ ತಂದುಬಿಟ್ಟರೆ ಎನ್‌ಪಿಎ ಹೋಗುತ್ತೆ ಅಂತ ಈಗಲೂ ಎಷ್ಟೋ ಜನ ನಂಬಿದ್ದಾರೆ. 2021ರ ನವೆಂಬರಿನ ರಿಸರ್ವ್ ಬ್ಯಾಂಕ್ ಸುತ್ತೋಲೆ ಬಂದ ಮೇಲೆ ಅದು ನಡೆಯುವುದಿಲ್ಲ. ಬಾಕಿ ಇರುವ ಅಸಲು, ಬಡ್ಡಿ ಎಲ್ಲ ಚುಕ್ತಾ ಆಗಬೇಕು.

ನೋಟಿಸಿಗೆ ಉತ್ತರ ಬರೆಯುವ ಹಕ್ಕು ಸಾಲಗಾರನಿಗೆ ಇದೆ, 13(3ಎ) ಕಲಮು. ಬರೆದರೆ ಬ್ಯಾಂಕ್ ಅದನ್ನು ಪರಿಶೀಲಿಸಿ, ಒಪ್ಪದಿದ್ದರೆ ಯಾಕೆ ಒಪ್ಪಲಿಲ್ಲ ಎಂದು 15 ದಿನದೊಳಗೆ ಕಾರಣ ಕೊಡಬೇಕು. ನಾವು ಎರಡು ಪುಟದ ಪತ್ರ ಬರೆದೆವು. ಅಳುವ ಪತ್ರ ಅಲ್ಲ. ಕೆಲಸ ಹೋದ ತಾರೀಖು, ಕಂಪನಿಯ ಪತ್ರದ ನಕಲು, ಈಗಿನ ಆದಾಯ, ದಂಡ ಶುಲ್ಕದ ಲೆಕ್ಕ ಸರಿಯಿದೆಯಾ ಎಂಬ ಪ್ರಶ್ನೆ, ಸಾಲದ ಪೂರ್ತಿ ಸ್ಟೇಟ್‌ಮೆಂಟ್ ಕೊಡಿ ಎಂಬ ಬೇಡಿಕೆ, ಮತ್ತೆ ನಮ್ಮ ಪ್ರಸ್ತಾಪ. ದಂಡದ ಲೆಕ್ಕ ಕೇಳಿದ್ದಕ್ಕೆ ಕಾರಣ ಇದೆ. 2024ರಿಂದ ಬ್ಯಾಂಕುಗಳು ದಂಡ ಬಡ್ಡಿ ಹಾಕುವಂತಿಲ್ಲ. ದಂಡ ಶುಲ್ಕ ಹಾಕಬಹುದು, ಅದನ್ನು ಅಸಲಿಗೆ ಸೇರಿಸಿ ಮತ್ತೆ ಬಡ್ಡಿ ಎಳೆಯುವಂತಿಲ್ಲ. ಪತ್ರವನ್ನು ಬ್ರ್ಯಾಂಚಿಗೂ, ನೋಟಿಸಿಗೆ ಸಹಿ ಹಾಕಿದ ಅಧಿಕೃತ ಅಧಿಕಾರಿಗೂ ಕೊಟ್ಟು ಸೀಲ್ ಹಾಕಿಸಿಕೊಂಡೆವು. ಹತ್ತು ದಿನಕ್ಕೆ ಉತ್ತರ ಬಂತು. ಒಪ್ಪಲಾಗುವುದಿಲ್ಲ ಅಂತ. ಆದರೆ ಅಷ್ಟರಲ್ಲಿ ಆ ಅಧಿಕಾರಿಗೆ ಇವರು ತಪ್ಪಿಸಿಕೊಂಡು ಓಡುವವರಲ್ಲ ಎಂದು ಗೊತ್ತಾಗಿತ್ತು, ಅವರ ಮೊಬೈಲ್ ನಂಬರ್ ನಮಗೆ ಸಿಕ್ಕಿತ್ತು. ಮುಂದೆ ಕೆಲಸಕ್ಕೆ ಬಂದದ್ದು ಆ ಪರಿಚಯ.

ಆಮೇಲೆ ನಾವು ಮೂವರು ಕೂತು ಮಾಡಿದ ಲೆಕ್ಕವೇ ಈ ಪ್ರಕರಣದ ಹೃದಯ. ಗಂಡನಿಗೆ ಅಷ್ಟರಲ್ಲಿ ಒಂದು ಗೋದಾಮಿನಲ್ಲಿ ಕೆಲಸ ಸಿಕ್ಕಿತ್ತು, 27 ಸಾವಿರ. ಆಕೆಯದು 14. ಒಟ್ಟು 41 ಸಾವಿರ. ಕಂತು 27,650. ಉಳಿಯುವುದು 13 ಸಾವಿರ ಚಿಲ್ಲರೆ. ಅದರಲ್ಲಿ ಊಟ, ಕರೆಂಟು, ಮಗನ ಶಾಲೆ, ಅತ್ತೆಯ ಶುಗರ್ ಮಾತ್ರೆ, ಒಡವೆಯ ಬಡ್ಡಿ, ಇನ್ನೂ ಉಳಿದಿದ್ದ 1 ಲಕ್ಷ 40 ಸಾವಿರ ಆ್ಯಪ್ ಸಾಲ. ಆಕೆಯ ಅಣ್ಣ, ಅಂದರೆ ನನ್ನ ಗೆಳೆಯ, ಬಾಕಿ ಕಂತುಗಳನ್ನು ತಾನೇ ಕಟ್ಟುತ್ತೇನೆ ಎಂದು ಮುಂದೆ ಬಂದ. ಕಟ್ಟಬಹುದಿತ್ತು. ಖಾತೆ ಸರಿಹೋಗುತ್ತಿತ್ತು. ಆದರೆ ಮುಂದಿನ ತಿಂಗಳು? ಅದರ ಮುಂದಿನ ತಿಂಗಳು? ಆದಾಯ ಮತ್ತೆ 50 ಸಾವಿರದ ಹತ್ತಿರ ಬರುವ ಭರವಸೆ ಇದ್ದಿದ್ದರೆ "ಅಣ್ಣನ ಹಣ ತಗೊಳ್ಳಿ, ಮನೆ ಉಳಿಸಿಕೊಳ್ಳಿ" ಎಂದು ನಾನೇ ಹೇಳುತ್ತಿದ್ದೆ. ಇಲ್ಲಿ ಹಾಗೆ ಮಾಡಿದ್ದರೆ ಆರು ತಿಂಗಳಲ್ಲಿ ಮತ್ತೊಂದು ನೋಟಿಸ್, ಅದರ ಜೊತೆ ಅಣ್ಣನಿಗೂ ಸಾಲ.

"ಹಾಗಾದ್ರೆ ಮಾರೋದೇನಾ ಅಣ್ಣಾ?" ಎಂದು ಆಕೆ ಕೇಳಿದರು. ಗಂಡ ಎದ್ದು ಹೊರಗೆ ಹೋದರು. ಅವತ್ತು ಮಾತು ಅಲ್ಲಿಗೇ ನಿಂತಿತು.

ಮನೆ ಮಾರುವ ಮಾತು ಒಪ್ಪಲು ಅವರಿಗೆ ಸುಮಾರು ಒಂದು ತಿಂಗಳು ಬೇಕಾಯಿತು. ಆ ತಿಂಗಳಲ್ಲಿ ಸಲಹೆಗಳು ನಾಲ್ಕೂ ಕಡೆಯಿಂದ ಬಂದವು. ಒಬ್ಬರು ನೂರಕ್ಕೆ ಮೂರರ ಬಡ್ಡಿಗೆ ಖಾಸಗಿಯಾಗಿ ಹಣ ಕೊಡಿಸುತ್ತೇನೆ ಅಂದರು. ತಿಂಗಳಿಗೆ ನೂರಕ್ಕೆ ಮೂರು ಅಂದರೆ ವರ್ಷಕ್ಕೆ ಶೇ 36. ಶೇ 9.4ರ ಸಾಲ ತೀರಿಸಲಾಗದವರು ಶೇ 36 ಎಲ್ಲಿಂದ ತರುತ್ತಾರೆ? ಇನ್ನೊಬ್ಬರು "ಸಾಲ ಸೆಟಲ್‌ಮೆಂಟ್ ಮಾಡಿಸುವವರು". ಮೊದಲೇ 50 ಸಾವಿರ ಕೊಡಿ, ಅರ್ಧಕ್ಕೆ ಮುಗಿಸುತ್ತೇವೆ, ಅಲ್ಲಿಯವರೆಗೆ ಬ್ಯಾಂಕಿಗೆ ಒಂದು ರೂಪಾಯಿ ಕಟ್ಟಬೇಡಿ ಅಂದರು. ಒನ್ ಟೈಮ್ ಸೆಟಲ್‌ಮೆಂಟ್ ಎಂಬುದು ಇದೆ, ನಿಜ. ಆದರೆ ಅದನ್ನು ಕೊಡುವುದು ಬ್ಯಾಂಕಿನ ಇಷ್ಟ, ಸಾಲಗಾರನ ಹಕ್ಕಲ್ಲ. 50 ಲಕ್ಷ ದಾಟಿ ಬೆಲೆ ಬಾಳುವ ಮನೆಯನ್ನು ಅಡವಿಟ್ಟುಕೊಂಡು 29 ಲಕ್ಷ ಬರಬೇಕಾದ ಬ್ಯಾಂಕ್ ಅಸಲು ಯಾಕೆ ಬಿಡುತ್ತದೆ? ಅಬ್ಬಬ್ಬಾ ಅಂದರೆ ದಂಡ ಶುಲ್ಕದಲ್ಲಿ ಸ್ವಲ್ಪ ಬಿಡಬಹುದು. ಮೇಲಾಗಿ ಸೆಟಲ್‌ಮೆಂಟ್ ಆದರೆ ಸಿಬಿಲ್‌ನಲ್ಲಿ ಖಾತೆ "ಸೆಟಲ್ಡ್" ಎಂದೇ ಕಾಣುತ್ತದೆ, ಪೂರ್ತಿ ಕಟ್ಟಿದ್ದಾರೆ ಎಂದು ಕಾಣುವುದಿಲ್ಲ.

ಮೂರನೆಯ ಸಲಹೆ ಒಬ್ಬ ಪರಿಚಯದ ವಕೀಲರಿಂದ. ಗಂಡನ ತಾಯಿಯ ಕೈಯಲ್ಲಿ ಸಿವಿಲ್ ಕೋರ್ಟಿನಲ್ಲಿ ಭಾಗದ ದಾವೆ ಹಾಕಿಸಿ, ತಡೆಯಾಜ್ಞೆ ತನ್ನಿ ಎಂದು. ಇದನ್ನು ನಾನು ಖಡಾಖಂಡಿತವಾಗಿ ಬೇಡ ಅಂದೆ. ಮನೆ ಗಂಡಹೆಂಡತಿ ತಮ್ಮ ಹಣದಲ್ಲಿ ಕೊಂಡದ್ದು, ಭಾಗದ ಮಾತೇ ಸುಳ್ಳು. ಸರ್ಫೇಸಿ ಕ್ರಮಕ್ಕೆ ಸಿವಿಲ್ ಕೋರ್ಟ್ ತಡೆ ಕೊಡುವಂತಿಲ್ಲ ಎಂದು ಅದೇ ಕಾಯ್ದೆಯ 34ನೇ ಕಲಮು ಹೇಳುತ್ತದೆ. ಹೈಕೋರ್ಟಿಗೆ ನೇರವಾಗಿ ರಿಟ್ ಹಾಕುವುದನ್ನೂ ಸುಪ್ರೀಂ ಕೋರ್ಟ್ 2010ರ ಸತ್ಯವತಿ ಟಂಡನ್ ಪ್ರಕರಣದಲ್ಲಿ ಒಪ್ಪಲಿಲ್ಲ, ಸಾಲ ವಸೂಲಾತಿ ನ್ಯಾಯಮಂಡಳಿ (ಡಿಆರ್‌ಟಿ) ಇದೆಯಲ್ಲ, ಅಲ್ಲಿಗೆ ಹೋಗಿ ಎಂದಿತು. ಇದ್ದಬದ್ದ ಹಣ ವಕೀಲರ ಫೀಸಿಗೆ ಹೋಗುತ್ತದೆ, ಅಷ್ಟರಲ್ಲಿ ಬಡ್ಡಿ ದಿನಾ ಬೆಳೆಯುತ್ತದೆ.

ಮನೆ ಬಾಡಿಗೆಗೆ ಕೊಟ್ಟು ತಾವು ಚಿಕ್ಕ ಮನೆಗೆ ಹೋಗುವುದು ಗಂಡನ ಯೋಚನೆ. ಕೆಟ್ಟ ಯೋಚನೆ ಅಲ್ಲ, ಒಂಬತ್ತು ತಿಂಗಳ ಮುಂಚೆ ಆಗಿದ್ದರೆ. 13(2) ನೋಟಿಸ್ ಬಂದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆ ಇಲ್ಲದೆ ಆ ಮನೆಯನ್ನು ಮಾರುವಂತಿಲ್ಲ, ಬಾಡಿಗೆಗೋ ಲೀಸಿಗೋ ಕೊಡುವಂತಿಲ್ಲ. 13(13)ನೇ ಕಲಮು. ಇದು ತುಂಬ ಜನಕ್ಕೆ ಗೊತ್ತಿಲ್ಲ. ನೋಟಿಸ್ ಬಂದ ಮೇಲೆ 5-6 ಲಕ್ಷಕ್ಕೆ ಲೀಸಿಗೆ ಕೊಟ್ಟು, ಆ ಹಣ ಖರ್ಚು ಮಾಡಿ, ಕೊನೆಗೆ ಪಾಪ ಆ ಲೀಸಿನವರನ್ನೂ ಬೀದಿಗೆ ತಂದವರನ್ನು ನಾನು ಕೆಲಸದಲ್ಲಿದ್ದಾಗ ಕಂಡಿದ್ದೇನೆ.

ಮಾರ್ಚ್ 11ಕ್ಕೆ 60 ದಿನ ಮುಗಿಯಿತು. ಏಪ್ರಿಲ್ 16ರಂದು ಬ್ಯಾಂಕಿನವರು ಬಂದು ಹೊರಬಾಗಿಲ ಪಕ್ಕ ಸ್ವಾಧೀನ ನೋಟಿಸ್ ಅಂಟಿಸಿದರು. ವಾರದೊಳಗೆ ಎರಡು ಪೇಪರಿನಲ್ಲಿ ಬಂತು, ಒಂದು ಇಂಗ್ಲಿಷ್, ಒಂದು ಕನ್ನಡ. ನಿಯಮ ಇರುವುದೇ ಹಾಗೆ, 7 ದಿನದೊಳಗೆ ಎರಡು ಪತ್ರಿಕೆ, ಅದರಲ್ಲಿ ಒಂದು ಸ್ಥಳೀಯ ಭಾಷೆಯದು. ಕನ್ನಡ ಪೇಪರಿನಲ್ಲಿ ಹೆಸರು, ವಿಳಾಸ, ಸಾಲದ ಮೊತ್ತ ಎಲ್ಲ ಅಚ್ಚಾದಾಗ ಆಕೆ ಎರಡು ದಿನ ಶಾಲೆಗೆ ಹೋಗಲಿಲ್ಲ. ಮಕ್ಕಳ ತಂದೆತಾಯಿ ಓದಿರುತ್ತಾರೆ ಎಂಬ ಸಂಕಟ. ಆ ಸಂಕಟಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಕಾನೂನಿನ ಲೆಕ್ಕದಲ್ಲಿ ಮಾತ್ರ ಹೇಳುವುದಾದರೆ ಇದು ಸಾಂಕೇತಿಕ ಸ್ವಾಧೀನ. ಮನೆಯಲ್ಲಿ ಇರಬಹುದು, ಬೀಗ ಹಾಕಿಸಿಲ್ಲ. ನಿಜವಾಗಿ ಮನೆಯಿಂದ ಹೊರಗೆ ಹಾಕಬೇಕಾದರೆ ಬ್ಯಾಂಕಿನವರು ಸಾಮಾನ್ಯವಾಗಿ 14ನೇ ಕಲಮಿನಲ್ಲಿ ಅರ್ಜಿ ಹಾಕುತ್ತಾರೆ. ಬೆಂಗಳೂರಿನಲ್ಲಿ ಅದು ಮುಖ್ಯ ಮ್ಯಾಜಿಸ್ಟ್ರೇಟ್ ಮುಂದೆ, ತುಮಕೂರಿನಂಥ ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿಗಳ ಮುಂದೆ. ಆದೇಶ ಸಿಕ್ಕ ಮೇಲೆ ತಹಸೀಲ್ದಾರರೋ ಪೊಲೀಸರೋ ಜೊತೆಗೆ ಬರುತ್ತಾರೆ.

ಡಿಆರ್‌ಟಿಗೆ, ಅಂದರೆ ಬೆಂಗಳೂರಿನಲ್ಲಿರುವ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗುವ ಹಕ್ಕು ಹುಟ್ಟುವುದು ಈ ಹಂತದಲ್ಲಿ. 17ನೇ ಕಲಮು, ಬ್ಯಾಂಕ್ ಕ್ರಮ ತೆಗೆದುಕೊಂಡ ದಿನದಿಂದ 45 ದಿನ. ಇವರಿಗೆ ಅದು ಮೇ 31. ಅರ್ಜಿ ಹಾಕಲು ಸಾಲದ ಇಂತಿಷ್ಟು ಭಾಗ ಮೊದಲೇ ಠೇವಣಿ ಇಡಬೇಕು ಎಂಬುದು ಇಲ್ಲ. ಮೊದಲು ಶೇ 75 ಇಡಬೇಕಿತ್ತು, 2004ರಲ್ಲಿ ಮಾರ್ಡಿಯಾ ಕೆಮಿಕಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ಡಿಆರ್‌ಟಿ ಆದೇಶದ ಮೇಲೆ ಚೆನ್ನೈನ ಮೇಲ್ಮನವಿ ಮಂಡಳಿಗೆ ಹೋಗಬೇಕಾದರೆ ಮಾತ್ರ ಶೇ 50 ಇಡಬೇಕು, ಅವರು ಇಳಿಸಿದರೂ ಶೇ 25ಕ್ಕಿಂತ ಕೆಳಗೆ ಇಲ್ಲ. ನಾನು ನೋಟಿಸ್, ಪೋಸ್ಟಿನ ರಸೀದಿ, ಪೇಪರ್, ತಾರೀಖು ಎಲ್ಲ ಒಂದೊಂದಾಗಿ ನೋಡಿದೆ. ಬ್ಯಾಂಕ್ ಎಲ್ಲೂ ತಪ್ಪು ಮಾಡಿರಲಿಲ್ಲ. ಡಿಆರ್‌ಟಿ ನೋಡುವುದು ಬ್ಯಾಂಕ್ ನಿಯಮದ ಪ್ರಕಾರ ನಡೆದುಕೊಂಡಿದೆಯಾ ಅಂತ. ನೋಟಿಸ್ ಹಳೇ ವಿಳಾಸಕ್ಕೆ ಹೋಗಿದ್ದರೆ, ಲೆಕ್ಕ ತಪ್ಪಿದ್ದರೆ, ಜಮೀನು ಕೃಷಿ ಭೂಮಿಯಾಗಿದ್ದರೆ, ನಮ್ಮ ಉತ್ತರಕ್ಕೆ ಬ್ಯಾಂಕ್ ಉತ್ತರವೇ ಕೊಡದಿದ್ದರೆ ನಾನು ಅಲ್ಲಿಗೆ ಕಳಿಸುತ್ತಿದ್ದೆ. ಇಲ್ಲಿ ಆ ಕಾರಣಗಳು ಇರಲಿಲ್ಲ. ಆದರೂ ಮೇ 31ನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟೆವು, ಬೇರೆ ದಾರಿ ಕೈಕೊಟ್ಟರೆ ಇರಲಿ ಅಂತ.

ಅಷ್ಟರಲ್ಲಿ ಮನೆ ತಾವೇ ಮಾರುವುದು ಎಂದು ಇಬ್ಬರೂ ಒಪ್ಪಿದ್ದರು. ಹರಾಜಿನಲ್ಲಿ ಹೋಗುವ ಮನೆಗೂ ಮಾಲೀಕನೇ ಮಾರುವ ಮನೆಗೂ ಬೆಲೆಯಲ್ಲಿ ಎಷ್ಟು ವ್ಯತ್ಯಾಸ ಅಂತ ಕೆಲಸದಲ್ಲಿದ್ದಾಗ ನೋಡಿದವನು ನಾನು. ಹರಾಜಿನಲ್ಲಿ ಮೌಲ್ಯಮಾಪಕರು ಬೆಲೆ ಕಟ್ಟುತ್ತಾರೆ, ಅದರ ಮೇಲೆ ಮೀಸಲು ಬೆಲೆ ನಿಗದಿಯಾಗುತ್ತದೆ. ಬಿಡ್ ಬರದಿದ್ದರೆ ಮೀಸಲು ಬೆಲೆ ಇಳಿಸಿ ಮತ್ತೆ ಹರಾಜು, ಎರಡನೇ ಸಲಕ್ಕೆ 15 ದಿನದ ನೋಟಿಸ್ ಸಾಕು. ಕೊಳ್ಳುವವನು ಹೇಳಿಕೇಳಿ ಹರಾಜಿನ ಮನೆ ಎಂದು ಕಡಿಮೆಗೇ ಕೂಗುತ್ತಾನೆ. ಶೇ 25 ಕೂಡಲೇ ಕಟ್ಟಬೇಕು, ಉಳಿದದ್ದಕ್ಕೆ 15 ದಿನ. ಇಷ್ಟು ಬೇಗ ಹಣ ಹೊಂದಿಸಲು ಸಾಮಾನ್ಯ ಸಂಸಾರಸ್ಥರಿಗೆ ಆಗುವುದಿಲ್ಲ, ಹಾಗಾಗಿ ಬರುವವರೇ ಕಡಿಮೆ. ಸಾಲ ಕಳೆದು ಉಳಿದ ಹಣ ಮಾಲೀಕನಿಗೇ ಸೇರಬೇಕು, ಕಾಯ್ದೆಯಲ್ಲೇ ಇದೆ. ಕಡಿಮೆ ಬಿದ್ದರೆ ಆ ಕೊರತೆಯೂ ಮಾಲೀಕನ ತಲೆ ಮೇಲೇ.

ಹರಾಜಿನ ಪ್ರಕಟಣೆ ಪೇಪರಿನಲ್ಲಿ ಬರುವ ದಿನ ಎಲ್ಲಕ್ಕಿಂತ ಮುಖ್ಯವಾದ ತಾರೀಖು. 2016ರ ತಿದ್ದುಪಡಿಗೆ ಮುಂಚೆ ಮಾರಾಟ ಮುಗಿಯುವವರೆಗೂ ಪೂರ್ತಿ ಸಾಲ ಕಟ್ಟಿ ಮನೆ ಬಿಡಿಸಿಕೊಳ್ಳಬಹುದು ಎಂದು ನಂಬಿ ಜನ ಕೊನೇ ದಿನದವರೆಗೆ ಕಾಯುತ್ತಿದ್ದರು. ಈಗ 13(8)ನೇ ಕಲಮಿನ ಪ್ರಕಾರ ಆ ಹಕ್ಕು ಹರಾಜಿನ ಪ್ರಕಟಣೆ ಬಂದ ದಿನಕ್ಕೇ ಮುಗಿಯುತ್ತದೆ. 2023ರ ಸೆಪ್ಟೆಂಬರಿನಲ್ಲಿ ಬಾಫ್ನಾ ಮೋಟರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿಯಾಗಿ ಹೇಳಿದೆ. ಆಮೇಲೆ ಹಣ ತಂದು ಮುಂದೆ ಇಟ್ಟರೂ "ಇದು ನನ್ನ ಹಕ್ಕು" ಎಂದು ಕೇಳಲಾಗುವುದಿಲ್ಲ. ಹಾಗಾಗಿ ನಮ್ಮ ಓಟ ಎಲ್ಲ ಆ ಪ್ರಕಟಣೆಗೆ ಮುಂಚೆ ಮುಗಿಸುವುದಕ್ಕೆ.

ಮೇ ಮೊದಲ ವಾರ ಗಿರಾಕಿ ಸಿಕ್ಕರು. ಬೆಂಗಳೂರಿನಲ್ಲಿ ಕೆಲಸ, ಊರು ತುಮಕೂರಿನ ಹತ್ತಿರ. 53 ಲಕ್ಷಕ್ಕೆ ಮಾತು. ಬೇರೆಯವರು 55ರವರೆಗೂ ಕೇಳಿದ್ದರು, ಆದರೆ ಅವರಿಗೆ ನಾಲ್ಕು ತಿಂಗಳು ಸಮಯ ಬೇಕಿತ್ತು. ಈ ಗಿರಾಕಿಯ ಸಾಲ ಬೇರೆ ಬ್ಯಾಂಕಿನಲ್ಲಿ ಮೊದಲೇ ಮಂಜೂರಾಗಿತ್ತು. ನಾವು ಗಿರಾಕಿಗೆ ಏನನ್ನೂ ಮುಚ್ಚಿಡಲಿಲ್ಲ. ನೋಟಿಸ್, ಪೇಪರ್ ಎಲ್ಲ ಮುಂದೆ ಇಟ್ಟೆವು. ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿದರೆ ಅಡಮಾನ ಹೇಗಿದ್ದರೂ ಕಾಣುತ್ತದೆ. ಮುಚ್ಚಿಟ್ಟು ಆಮೇಲೆ ಗೊತ್ತಾದರೆ ವ್ಯಾಪಾರ ಮುರಿಯುತ್ತದೆ, ಅಡ್ವಾನ್ಸ್ ಜಗಳಕ್ಕೆ ಬೀಳುತ್ತದೆ.

ಮೊದಲು ಬ್ಯಾಂಕಿಗೆ ಹೋಗಿ ಮಾರಾಟಕ್ಕೆ ಲಿಖಿತ ಒಪ್ಪಿಗೆ ಕೇಳಿದೆವು, ಜೊತೆಗೆ ಗಿರಾಕಿಯ ಸಾಲ ಮಂಜೂರಾತಿ ಪತ್ರ ಇಟ್ಟೆವು. ಬರೀ "ಮಾರ್ತೀವಿ, ಟೈಮ್ ಕೊಡಿ" ಅಂದರೆ ಯಾವ ಅಧಿಕಾರಿಯೂ ಸುಮ್ನೆ ಕಾಯುವುದಿಲ್ಲ, ಎಷ್ಟು ಜನ ಹಾಗೆ ಹೇಳಿ ವರ್ಷ ಕಳೆದಿರುತ್ತಾರೆ ಅವರಿಗೆ ಗೊತ್ತು. ಮಂಜೂರಾತಿ ಪತ್ರ ಕಂಡಾಗ ಅವರ ಮಾತೇ ಬದಲಾಯಿತು. ಗಿರಾಕಿ ಕೊಟ್ಟ ಅಡ್ವಾನ್ಸಿನಲ್ಲಿ 2 ಲಕ್ಷ ನೇರವಾಗಿ ಸಾಲದ ಖಾತೆಗೆ ಕಟ್ಟಿ, 45 ದಿನ ಹರಾಜಿನ ಕ್ರಮ ಮುಂದೂಡಿ ಎಂದು ಕೇಳಿದೆವು. ಒಪ್ಪಿಗೆ ಬಂತು, ಪತ್ರದ ರೂಪದಲ್ಲಿ. ಬಾಯಿಮಾತಿನ ಒಪ್ಪಿಗೆಗೆ ಬೆಲೆ ಇಲ್ಲ, ಅಧಿಕಾರಿ ವರ್ಗವಾದರೆ ಮುಗಿಯಿತು. ಜೂನ್‌ನಲ್ಲಿ ಗಿರಾಕಿಯ ಬ್ಯಾಂಕಿನ ವಕೀಲರು ಒಂದು ಹಳೇ ಖಾತಾ ನಕಲು ಕೇಳಿ ಎರಡು ವಾರ ತಡವಾಯಿತು, ಆಗ ಇನ್ನೂ 20 ದಿನ ಕೇಳಿದೆವು, ಅದನ್ನೂ ಬರೆದೇ ಪಡೆದೆವು.

ವ್ಯಾಪಾರ ನಡೆಯುವ ರೀತಿ ಹೀಗೆ. ಸಾಲ ಕೊಟ್ಟ ಬ್ಯಾಂಕಿನಿಂದ ಎರಡು ಪತ್ರ ಬೇಕು. ಒಂದು, ಇಂಥ ದಿನಕ್ಕೆ ಪೂರ್ತಿ ಸಾಲ ತೀರಿಸಲು ಎಷ್ಟು ಕಟ್ಟಬೇಕು ಎಂಬ ಫೋರ್‌ಕ್ಲೋಷರ್ ಲೆಟರ್. ಇನ್ನೊಂದು, ನಮ್ಮ ಹತ್ತಿರ ಇರುವ ಮೂಲ ಪತ್ರಗಳು ಇವು ಎಂಬ ಪಟ್ಟಿ. ಗಿರಾಕಿಯ ಬ್ಯಾಂಕ್ ನಕಲುಗಳನ್ನು ನೋಡಿ ಒಪ್ಪಿದ ಮೇಲೆ, ನೋಂದಣಿ ದಿನ ಸಾಲದ ಮೊತ್ತಕ್ಕೆ ಡಿಡಿಯನ್ನು ನೇರವಾಗಿ ನಮ್ಮ ಬ್ಯಾಂಕಿನ ಹೆಸರಿಗೇ ಮಾಡುತ್ತದೆ. ಮಾಲೀಕರ ಕೈಗೆ ಬರುವುದು ಉಳಿದ ಮೊತ್ತ ಮಾತ್ರ. ಮೂಲ ಪತ್ರಗಳು ಒಂದು ಬ್ಯಾಂಕಿನಿಂದ ಇನ್ನೊಂದು ಬ್ಯಾಂಕಿಗೆ ಕೈಬದಲಾಗುತ್ತವೆ. ಅಡಮಾನ ಬಿಡುಗಡೆಯನ್ನೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕು, ಇಲ್ಲದಿದ್ದರೆ ಇಸಿಯಲ್ಲಿ ಸಾಲ ಹಾಗೇ ಉಳಿದಿರುತ್ತದೆ. ಬದಲಾಗುವ ಬಡ್ಡಿಯ ಮನೆ ಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ದಂಡ ಇಲ್ಲ.

ಜುಲೈ ಎರಡನೇ ವಾರ ನೋಂದಣಿ ಆಯಿತು. ಅಡ್ವಾನ್ಸಿನಲ್ಲಿ ಕಟ್ಟಿದ್ದೂ ಸೇರಿ ಬ್ಯಾಂಕಿಗೆ ಹೋದದ್ದು 30 ಲಕ್ಷ 80 ಸಾವಿರ, ಹತ್ತು ತಿಂಗಳ ಬಡ್ಡಿ, ನೋಟಿಸ್ ಮತ್ತು ಪೇಪರಿನ ಖರ್ಚು ಎಲ್ಲ ಸೇರಿ. ಬ್ರೋಕರಿಗೆ ಶೇ 1, ಅಂದರೆ 53 ಸಾವಿರ. ಬೆಲೆ 50 ಲಕ್ಷ ದಾಟಿದ್ದರಿಂದ ಗಿರಾಕಿ ಶೇ 1 ಟಿಡಿಎಸ್, ಅಂದರೆ ಸರ್ಕಾರಕ್ಕೆ ಕಟ್ಟುವ ತೆರಿಗೆ, ಹಿಡಿದರು, ಇನ್ನೊಂದು 53 ಸಾವಿರ. ಅದು ರಿಟರ್ನ್ಸ್ ಹಾಕಿದಾಗ ಲೆಕ್ಕಕ್ಕೆ ಬರುತ್ತದೆ. ಒಡವೆ ಬಿಡಿಸಲು 2 ಲಕ್ಷ 90 ಸಾವಿರ, ಆ್ಯಪ್ ಸಾಲಕ್ಕೆ 1 ಲಕ್ಷ 40 ಸಾವಿರ. ಎಲ್ಲ ಕಳೆದು ಕೈಯಲ್ಲಿ ಉಳಿದದ್ದು 16 ಲಕ್ಷ 84 ಸಾವಿರ. ಒಂದು ಪಕ್ಷ ಹರಾಜಿನಲ್ಲಿ 41 ಲಕ್ಷಕ್ಕೆ ಹೋಗಿದ್ದರೆ ಒಡವೆ ಬಿಡಿಸಿ ಆ್ಯಪ್ ಸಾಲ ತೀರಿಸಿದ ಮೇಲೆ ಕೈಯಲ್ಲಿ ಆರು ಲಕ್ಷವೂ ಉಳಿಯುತ್ತಿರಲಿಲ್ಲ.

ತೆರಿಗೆಯ ಭಯವೂ ಇತ್ತು, ಹತ್ತು ಲಕ್ಷ ಲಾಭ ಅಂತ ಹೇಳಿ ಹಿಡಿದುಬಿಡುತ್ತಾರೇನೋ ಎಂದು. ಸಾಲ ತೀರಿಸಿದ ಹಣವನ್ನು ಲಾಭದಿಂದ ಕಳೆಯಲು ಬರುವುದಿಲ್ಲ, ಅದು ನಿಜ. ಆದರೆ 2024ರ ಜುಲೈ 23ಕ್ಕೆ ಮುಂಚೆ ಕೊಂಡ ಮನೆಗೆ ಇಂಡೆಕ್ಸೇಷನ್ (ಬೆಲೆ ಏರಿಕೆಗೆ ತಕ್ಕಂತೆ ಕೊಂಡ ಬೆಲೆಯನ್ನು ಏರಿಸಿ ಲೆಕ್ಕ ಹಾಕುವುದು) ಇಲ್ಲದೆ ಶೇ 12.5, ಇಂಡೆಕ್ಸೇಷನ್ ಜೊತೆ ಶೇ 20, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ತೆರಿಗೆ ಕೊಟ್ಟರೆ ಸಾಕು. ಕೊಂಡ ಬೆಲೆ 43 ಲಕ್ಷಕ್ಕೆ ಆಗಿನ ನೋಂದಣಿ ಖರ್ಚು ಸೇರಿಸಿ, 2021-22ರ ಸೂಚ್ಯಂಕ 317, 2025-26ರ ಸೂಚ್ಯಂಕ 376 ಇಟ್ಟು ಲೆಕ್ಕ ಹಾಕಿದರೆ ಲಾಭವೇ ಉಳಿಯಲಿಲ್ಲ. ಮನೆ ಕೈಗೆ ಬಂದ ಆರ್ಥಿಕ ವರ್ಷ ಮುಗಿದು ಐದು ವರ್ಷ ಆಗುವ ಮುಂಚೆ ಮಾರಿದರೆ ಹಿಂದೆ ಆದಾಯ ತೆರಿಗೆಯ 80ಸಿಯಲ್ಲಿ ಅಸಲಿಗೆ ಪಡೆದ ವಿನಾಯಿತಿ ಮಾರಿದ ವರ್ಷದ ಆದಾಯಕ್ಕೆ ಸೇರುತ್ತದೆ ಎಂಬುದು ನೆನಪಿರಲಿ. ಸಾಲದ ಜೊತೆ ತೆಗೆಸಿದ್ದ ಇನ್ಶೂರೆನ್ಸ್ ಪಾಲಿಸಿಯನ್ನು ಆಕೆ ಮರೆತೇಬಿಟ್ಟಿದ್ದರು. ಪೂರ್ತಿ ಅವಧಿಯ ಪ್ರೀಮಿಯಂ ಮೊದಲೇ ಕಟ್ಟಿದ್ದರಿಂದ ಸರೆಂಡರ್ ಮಾಡಿದಾಗ 38 ಸಾವಿರ ವಾಪಸ್ ಬಂತು.

ಈಗ ಅವರು ಶಾಲೆಯ ಹತ್ತಿರ 7,500 ಬಾಡಿಗೆಯ ಮನೆಯಲ್ಲಿದ್ದಾರೆ. ಗಂಡನಿಗೆ ಹಳೇ ಮನೆಯ ಬೀದಿಗೆ ಹೋಗಲು ಇನ್ನೂ ಮನಸ್ಸಾಗುವುದಿಲ್ಲ. ಆಕೆ ಮಾತ್ರ ಪಕ್ಕದ ಮನೆಯವರ ಜೊತೆ ಮೊದಲಿನ ಹಾಗೇ ಇದ್ದಾರೆ, ಗೌರಿ ಹಬ್ಬಕ್ಕೆ ಬಾಗಿನ ಕೊಟ್ಟುಬಂದರು.

ಸಾಲ ತೀರಿದ ಮೇಲೆ ಒಂದು ಕೆಲಸ ಬಾಕಿ ಇತ್ತು. ಸೆಪ್ಟೆಂಬರಿನಲ್ಲಿ ಸಿಬಿಲ್ ವರದಿ ತೆಗೆಸಿದರೆ ಖಾತೆ ಇನ್ನೂ ಬಾಕಿ ಎಂದೇ ತೋರಿಸುತ್ತಿತ್ತು, ಇಬ್ಬರ ಹೆಸರಲ್ಲೂ. ದೂರು ಕೊಟ್ಟ 30 ದಿನದಲ್ಲಿ ಸರಿಮಾಡದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕಿನ ನಿಯಮ ಇದೆ. ಆಕೆಯೇ ನೋ ಡ್ಯೂ ಸರ್ಟಿಫಿಕೇಟ್ ಲಗತ್ತಿಸಿ ಆನ್‌ಲೈನ್ ದೂರು ಹಾಕಿದರು. ಮೂರನೇ ವಾರಕ್ಕೆ "ಕ್ಲೋಸ್ಡ್" ಎಂದು ಬಂತು. ತಪ್ಪಿದ ತಿಂಗಳುಗಳು ವರದಿಯಲ್ಲಿ ಇನ್ನೂ ಕೆಲವು ವರ್ಷ ಕಾಣುತ್ತವೆ, ಅದನ್ನು ಯಾರೂ ಅಳಿಸಲಾಗುವುದಿಲ್ಲ. ಅಳಿಸಿಕೊಡುತ್ತೇವೆ ಎಂದು ಹಣ ಕೇಳುವವರ ಫೋನ್ ಅವರಿಗೆ ಆಗಲೇ ಬರತೊಡಗಿತ್ತು. ಅವರು ಎತ್ತುತ್ತಿಲ್ಲ.